ಇಂಗ್ಲಿಷ್ ಪರೀಕ್ಷೆಯ ವಾಚನಪತ್ರಿಕೆ: ಹೇಳಿದುದು, ಅಲ್ಲಗಳೆದುದು, ಹೇಳದುದು

ಪರಭಾಷೆಯಲ್ಲಿ ಒಬ್ಬನಿಗಿರುವ ಪ್ರವೇಶವನ್ನು ಅಳೆಯುವ ಕ್ರಮಗಳಲ್ಲಿ ಮೌನವಾಚನದ ಪರೀಕ್ಷೆಯು ಈಚಿನದು. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಇಂಗ್ಲಿಷನ್ನು ಅನ್ಯಭಾಷೆಯಾಗಿ ಕಲಿತವರಿಗೆ 1913ರಲ್ಲಿ ಮೊದಲ ಸಲ ಏರ್ಪಡಿಸಿದ ಪ್ರಾವೀಣ್ಯ ಪರೀಕ್ಷೆಯಲ್ಲಿ ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ ಎಂಬ ವಿಷಯಗಳಿಗೆಲ್ಲ ಸ್ಥಳವಿದ್ದಿತು. ಉಕ್ತಲೇಖನವೂ ಗಟ್ಟಿಯಾಗಿ ಓದುವುದೂ ಸಂಭಾಷಣೆಯೂ ಇದ್ದವು. ಸುಮಾರು 12 ಗಂಟೆಗಳ ಆ ಪರೀಕ್ಷೆಗೆ ಕುಳಿತವರು ಮೂವರು. ತೇರ್ಗಡೆಯಾದವರು ಒಬ್ಬರೂ ಇಲ್ಲ. ಆದರೆ ಅಪರಿಚಿತವಾದ ಗದ್ಯಭಾಗವೊಂದನ್ನು ಮನಸ್ಸಿನಲ್ಲಿಯೇ ಓದಿ, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಿರ್ಣಯಿಸುವ ಕೆಲಸಕ್ಕೆ ಅಲ್ಲಿ ಪ್ರತ್ಯೇಕ ಪತ್ರಿಕೆ ಇರಲಿಲ್ಲ. ಓದುವುದು ಉಳಿದ ವಿದ್ಯೆಗಳಿಗೆ ಸಾಧನವೆಂದು ಎಣಿಸಲ್ಪಟ್ಟಿದ್ದಿತೇ ಹೊರತು ತಾನೇ ಪರೀಕ್ಷೆಗೆ ಅರ್ಹವಾದ ವಿದ್ಯೆಯೆಂದಲ್ಲ.

ಓದು ಒಂದು ವಿಚಾರಕ್ರಿಯೆ ಎಂಬ ಮಾತನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಪ್ರಮುಖನು. ಮಕ್ಕಳು ಚಿಕ್ಕ ವಾಕ್ಯವೃಂದಗಳನ್ನು ಓದಿ ಕೊಟ್ಟ ತಪ್ಪು ಉತ್ತರಗಳನ್ನು ಸಂಗ್ರಹಿಸಿ 1917ರಲ್ಲಿ ಅವನು ಪ್ರಕಟಿಸಿದ ಲೇಖನದ ಸಾರಾಂಶವಿಷ್ಟು: ತಪ್ಪುಗಳು ಬಹಳ ಮಟ್ಟಿಗೆ ಪದಗಳ ಅರ್ಥ ತಿಳಿಯದೆ ಹುಟ್ಟಿದವಲ್ಲ, ಯಾವ ಪದಕ್ಕೆ ಎಷ್ಟು ಭಾರವಿದೆಯೆಂಬುದನ್ನು ತೂಗಲಾರದೆ ಹುಟ್ಟಿದವು. ಒಂದು ಪದ ಕಣ್ಣಿಗೆ ದೊಡ್ಡದಾಗಿ ಕಂಡರೆ ಉಳಿದವೆಲ್ಲ ಅದರ ನೆರಳಿನಲ್ಲಿ ಅಡಗಿಬಿಡುತ್ತವೆ. ಅಂದಿನ ಅವಿಭಜಿತ ಭಾರತದಲ್ಲಿಯೇ, ಢಾಕಾ ನಗರದಲ್ಲಿ ಉಪಾಧ್ಯಾಯರ ಶಿಕ್ಷಣಕ್ಕೆ ಮುಖ್ಯನಾಗಿದ್ದ ಮೈಕೇಲ್ ವೆಸ್ಟ್, ಬಂಗಾಳದ ದ್ವಿಭಾಷಾ ಸಮಸ್ಯೆಯನ್ನು ಕುರಿತ ತನ್ನ 1926ರ ಗ್ರಂಥದಲ್ಲಿ, ಭಾರತೀಯ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಮೊದಲು ಬೇಕಾದುದೂ ಬೇಗನೆ ಸಾಧ್ಯವಾಗುವುದೂ ಓದುವ ಶಕ್ತಿಯೇ ಎಂದು ವಾದಿಸಿದನು. ಇಂದು ನಮ್ಮ ಯುವಜನರು ಎದುರಿಸುವ ವಾಚನಪತ್ರಿಕೆಯ ಹಿಂದೆ ಈ ಎರಡು ವಿಚಾರಗಳೂ ಇವೆ. ಆ ಪತ್ರಿಕೆಗೆ ಅವರನ್ನು ಸಿದ್ಧಗೊಳಿಸುವ ರೂಢಿಯಲ್ಲಿ ಮಾತ್ರ ಈ ವಿಚಾರಗಳು ಮರೆತುಹೋದಂತಿವೆ.

ಉದಾಹರಣೆಗಾಗಿ, ಜನರು ಐಲ್ಟ್ಸ್ ಎಂದು ಕರೆಯುವ, 1989ರಲ್ಲಿ ಈಗಿನ ಹೆಸರನ್ನು ಪಡೆದ ಪರೀಕ್ಷೆಯನ್ನು ತೆಗೆದುಕೊಳ್ಳಬಹುದು. ಉನ್ನತ ವ್ಯಾಸಂಗಕ್ಕೆ ಹೋಗುವವರ ಅಕಾಡೆಮಿಕ್ ಶಾಖೆಯಲ್ಲಿ ವಾಚನಕ್ಕೆ 60 ನಿಮಿಷಗಳು, ಮೂರು ಗದ್ಯಭಾಗಗಳು, 40 ಪ್ರಶ್ನೆಗಳು. ಗದ್ಯಭಾಗಗಳ ಒಟ್ಟು ಪ್ರಮಾಣ 2,150ರಿಂದ 2,750 ಪದಗಳು. ಇವು ಪುಸ್ತಕ, ನಿಯತಕಾಲಿಕ, ವೃತ್ತಪತ್ರಿಕೆಗಳಿಂದ ಆಯ್ದವು. ಯಾವ ಶಾಸ್ತ್ರದಲ್ಲಿಯೂ ಪರಿಣತನಲ್ಲದ ಓದುಗನಿಗಾಗಿ ಬರೆದವು. ಪ್ರಶ್ನೆಗೆ ಒಂದು ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಬಂದ ಅಂಕಗಳು 9ರವರೆಗಿನ ಬ್ಯಾಂಡ್ ಎಂಬ ಶ್ರೇಣಿಗೆ ಪರಿವರ್ತಿತವಾಗುತ್ತವೆ. 40ರಲ್ಲಿ ಸುಮಾರು 23 ಸರಿಯಾದರೆ 6, ಸುಮಾರು 30 ಸರಿಯಾದರೆ 7. ಈ ಸಂಖ್ಯೆಗಳು ಶುಷ್ಕವಾಗಿ ತೋರಬಹುದು. ಆದರೆ ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಈ ಪರೀಕ್ಷೆಯ ಮೂಲಕ ಬರುವ ನರ್ಸ್‌ಗಳಿಂದ ವಾಚನದಲ್ಲಿ 7ನ್ನು ಅಪೇಕ್ಷಿಸುತ್ತದೆ. ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋಗಬಯಸುವ ಹೆಣ್ಣುಮಗಳೊಬ್ಬಳಿಗೆ 30 ಬಂದರೆ ಉದ್ಯೋಗ, 28 ಬಂದರೆ ಮತ್ತೆ ಶುಲ್ಕ, ಮತ್ತೆ ಕಾಯುವಿಕೆ. ಆ ಒಂದೆರಡು ಅಂಕಗಳು ಎಲ್ಲಿ ಸೋರಿಹೋಗುತ್ತವೆ ಎಂಬ ವಿಚಾರ ಸಾಹಿತ್ಯವನ್ನು ಬೋಧಿಸುವವರಿಗೆ ಹೊರಗಿನದಲ್ಲ. ಏಕೆಂದರೆ ಅವು ಸೋರುವುದು ಇಂಗ್ಲಿಷಿನ ಅಜ್ಞಾನದಿಂದ ಎಷ್ಟೋ ಅಷ್ಟೇ ಮಟ್ಟಿಗೆ ಓದುವ ಶಿಸ್ತಿನ ಅಭಾವದಿಂದ.

ಕೋಚಿಂಗ್ ತರಗತಿಗಳಲ್ಲಿ ಸಾಮಾನ್ಯವಾಗಿ ಕೊಡುವ ಉಪದೇಶ ಹೀಗಿರುತ್ತದೆ: ಗದ್ಯಭಾಗವನ್ನು ಓದಬೇಡಿ, ಅದಕ್ಕೆ ಕಾಲವಿಲ್ಲ, ಪ್ರಶ್ನೆಯನ್ನು ನೋಡಿ, ಅದರಲ್ಲಿನ ಮುಖ್ಯಪದವನ್ನು ಹಿಡಿದು, ಗದ್ಯದಲ್ಲಿ ಆ ಪದ ಎಲ್ಲಿದೆಯೆಂದು ಹುಡುಕಿ ಉತ್ತರ ಬರೆಯಿರಿ. ಮೇಲ್ನೋಟದ ಓದಿಗೆ ಸ್ಕಿಮಿಂಗ್ ಎಂದೂ ಪದಾನ್ವೇಷಣೆಗೆ ಸ್ಕ್ಯಾನಿಂಗ್ ಎಂದೂ ಹೆಸರು. ಇವೆರಡೂ ಉಪಯುಕ್ತವಾದ ಕೌಶಲಗಳೇ. ನಿಘಂಟನ್ನು ನೋಡುವವನೂ ರೈಲುಗಳ ವೇಳಾಪಟ್ಟಿಯನ್ನು ನೋಡುವವನೂ ಎರಡನೆಯದನ್ನು ನಿತ್ಯವೂ ಮಾಡುತ್ತಾನೆ. ಆದರೆ ಕಾಲವಿಲ್ಲವೆಂಬ ಪ್ರಮೇಯ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮೌನವಾಚನದ ವೇಗವನ್ನು ಕುರಿತ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ವಿದ್ವಾಂಸನು ಕಂಡುಕೊಂಡಂತೆ, ಇಂಗ್ಲಿಷಿನ ಸಾಮಾನ್ಯ ಗದ್ಯವನ್ನು ವಯಸ್ಕನು ನಿಮಿಷಕ್ಕೆ ಸರಾಸರಿ 238 ಪದಗಳಂತೆ ಓದುತ್ತಾನೆ. ನಮ್ಮ ಪರೀಕ್ಷಾರ್ಥಿಯ ವೇಗ ಅದರಲ್ಲಿ ಅರ್ಧವೇ ಎಂದಿಟ್ಟುಕೊಂಡರೂ 2,750 ಪದಗಳಿಗೆ 23 ನಿಮಿಷಗಳು ಸಾಕು. ಮಿಕ್ಕ 37 ನಿಮಿಷಗಳಲ್ಲಿ 40 ಪ್ರಶ್ನೆಗಳಿಗೆ ತಲಾ 55 ಸೆಕೆಂಡುಗಳು ದೊರೆಯುತ್ತವೆ. ಇದಕ್ಕೆ ಪ್ರತಿಯಾಗಿ, ಓದದೆ ಹುಡುಕುವವನು ಪ್ರತಿ ಪ್ರಶ್ನೆಗೂ ಗದ್ಯಭಾಗದ ಕಾಲುಪಾಲನ್ನು ಮಾತ್ರ ತಡಕಿದರೂ, 13 ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಇಡೀ ಗದ್ಯವನ್ನು ಮೂರು ಸಲಕ್ಕಿಂತ ಹೆಚ್ಚಾಗಿ ತಡಕಿರುತ್ತಾನೆ. ಒಂದು ಸಲವಾದರೂ ಓದಿರುವುದಿಲ್ಲ.

ಈ ಉಪದೇಶಕ್ಕೆ ಇನ್ನೊಂದು ದೋಷವಿದೆ. ಪ್ರಶ್ನೆಯನ್ನು ರಚಿಸುವವರು ಗದ್ಯದ ಪದಗಳನ್ನು ಪ್ರಶ್ನೆಯಲ್ಲಿ ಬೇಕೆಂದೇ ಬದಲಾಯಿಸಿರುತ್ತಾರೆ. ಸರಿಯುತ್ತರವು ಪರ್ಯಾಯಪದಗಳ ಹಿಂದೆ ಅಡಗಿರುತ್ತದೆ. ಪ್ರಶ್ನೆಯ ಪದವೇ ಗದ್ಯದಲ್ಲಿ ಕಣ್ಣಿಗೆ ಹೊಡೆಯುವಂತೆ ಇದ್ದರೆ ಅಲ್ಲಿ ಪ್ರಾಯಶಃ ಬಲೆಯಿರುತ್ತದೆ. ಪದವನ್ನು ಹುಡುಕುವವನು ಆ ಬಲೆಗೆ ತಾನೇ ನಡೆದುಹೋಗುತ್ತಾನೆ. ಬದಲಾಗದೆ ಉಳಿಯುವ ಇಸವಿ, ಸಂಖ್ಯೆ, ವ್ಯಕ್ತಿನಾಮ, ಸ್ಥಳನಾಮಗಳನ್ನು ಅರಸುವುದಕ್ಕೆ ಮಾತ್ರ ಪದಾನ್ವೇಷಣೆಯನ್ನು ನಂಬಬಹುದು.

ಪತ್ರಿಕೆಯ ನಾನಾ ಬಗೆಯ ಪ್ರಶ್ನೆಗಳಲ್ಲಿ ಪರೀಕ್ಷಾರ್ಥಿಗಳನ್ನು ಬಹಳವಾಗಿ ಕಾಡುವುದೂ ವಿಚಾರಕ್ಕೆ ಯೋಗ್ಯವಾದುದೂ ಒಂದಿದೆ. ಗದ್ಯಭಾಗದ ಕೆಳಗೆ ಕೆಲವು ಹೇಳಿಕೆಗಳನ್ನು ಕೊಟ್ಟು, ಪ್ರತಿಯೊಂದೂ ಗದ್ಯದ ಪ್ರಕಾರ ನಿಜವೇ, ಸುಳ್ಳೇ, ಅಥವಾ ಹೇಳಿಲ್ಲವೇ ಎಂದು ಕೇಳುವುದು ಅದರ ಕ್ರಮ. ನಿಜ, ಸುಳ್ಳು ಎಂಬ ಎರಡೇ ಪಕ್ಷಗಳಿಗೆ ಒಗ್ಗಿದ ಮನಸ್ಸಿಗೆ ಮೂರನೆಯದು ಗೊಂದಲವನ್ನು ಉಂಟುಮಾಡುತ್ತದೆ. ಒಂದು ನಿದರ್ಶನದಿಂದ ಇದು ಸ್ಪಷ್ಟವಾದೀತು. ಗದ್ಯಭಾಗ ಹೀಗಿದೆಯೆಂದು ಇಟ್ಟುಕೊಳ್ಳೋಣ:

"1833ರಲ್ಲಿ ನಥಾನಿಯಲ್ ವಾರ್ಡ್ ಗಾಳಿ ಹೋಗದಂತೆ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯಗಳನ್ನಿರಿಸಿ ಲಂಡನ್ನಿನಿಂದ ಸಿಡ್ನಿಗೆ ಕಳುಹಿಸಿದನು. ತಿಂಗಳುಗಟ್ಟಲೆಯ ಪ್ರಯಾಣದ ಬಳಿಕವೂ ಅವು ಹಸಿರಾಗಿದ್ದವು. ಅದಕ್ಕೆ ಮೊದಲು ಉಪ್ಪುಗಾಳಿಯಿಂದಲೂ ಸಿಹಿನೀರಿನ ಅಭಾವದಿಂದಲೂ ಹಡಗಿನಲ್ಲಿ ಸಾಗಿಸಿದ ಸಸ್ಯಗಳಲ್ಲಿ ಕೆಲವೇ ಕೆಲವು ಜೀವದೊಡನೆ ದಡ ಸೇರುತ್ತಿದ್ದವು."

ಇದರ ಮೇಲೆ ನಾಲ್ಕು ಹೇಳಿಕೆಗಳು. ಮೊದಲನೆಯದು: ಕುಡಿಯಲು ಯೋಗ್ಯವಾದ ನೀರು ಸಾಲದೆ ಹೋದುದು ಹಡಗಿನ ಸಸ್ಯಗಳ ನಾಶಕ್ಕೆ ಒಂದು ಕಾರಣವಾಗಿದ್ದಿತು. ಎರಡನೆಯದು: ವಾರ್ಡನ ಪ್ರಯೋಗಕ್ಕೆ ಹಿಂದೆ ದೀರ್ಘ ಸಮುದ್ರಯಾನದಲ್ಲಿ ಯಾವ ಸಸ್ಯವೂ ಬದುಕುತ್ತಿರಲಿಲ್ಲ. ಮೂರನೆಯದು: ವಾರ್ಡ್ ವೃತ್ತಿಯಿಂದ ವೈದ್ಯನಾಗಿದ್ದನು. ನಾಲ್ಕನೆಯದು: ಈ ಬಗೆಯ ಪೆಟ್ಟಿಗೆಗಳಲ್ಲಿ ಚೀನದ ಚಹಾ ಸಸಿಗಳು ಭಾರತಕ್ಕೆ ಬಂದವು. ಮೊದಲನೆಯದು ನಿಜ, ಪದಗಳು ಬೇರೆ, ಅರ್ಥ ಅದೇ. ಎರಡನೆಯದು ಸುಳ್ಳು, ಕೆಲವಾದರೂ ಬದುಕುತ್ತಿದ್ದವೆಂದು ಗದ್ಯ ಸ್ಪಷ್ಟವಾಗಿ ಹೇಳಿದೆ. ಮೂರನೆಯ ಮತ್ತು ನಾಲ್ಕನೆಯ ಹೇಳಿಕೆಗಳಲ್ಲಿ ತೊಡಕಿದೆ. ಇತಿಹಾಸವನ್ನು ಬಲ್ಲವರಿಗೆ ಎರಡೂ ನಿಜವೆಂದು ಗೊತ್ತು: ವಾರ್ಡ್ ಲಂಡನ್ನಿನಲ್ಲಿ ವೈದ್ಯನಾಗಿದ್ದವನೇ, 1850ರ ಸುಮಾರಿನಲ್ಲಿ ರಾಬರ್ಟ್ ಫಾರ್ಚೂನ್ ಚೀನದಿಂದ ಹಿಮಾಲಯದ ತಪ್ಪಲಿಗೆ ಚಹಾ ಸಸಿಗಳನ್ನು ತಂದುದೂ ಇಂತಹ ಪೆಟ್ಟಿಗೆಗಳಲ್ಲಿಯೇ. ಆದರೂ ಪರೀಕ್ಷೆಯಲ್ಲಿ ಎರಡಕ್ಕೂ ಉತ್ತರ "ಹೇಳಿಲ್ಲ" ಎಂಬುದೇ. ಇಲ್ಲಿ ತಿಳಿದವನಿಗೇ ಅಪಾಯ ಹೆಚ್ಚು. ಏನೂ ತಿಳಿಯದವನು ಗದ್ಯಕ್ಕೆ ಅಂಟಿಕೊಂಡು ಬಚಾವಾಗುತ್ತಾನೆ.

ಓದುಗನ ಸ್ವಂತ ಸರಕು ಗ್ರಂಥದೊಳಗೆ ನುಗ್ಗುವ ಈ ದೋಷ ಪರೀಕ್ಷಾರ್ಥಿಗಳಿಗೆ ಮಾತ್ರ ಮೀಸಲಾದುದಲ್ಲ. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಕವಿಗಳ ಹೆಸರನ್ನು ಮರೆಮಾಡಿ ವಿದ್ಯಾರ್ಥಿಗಳ ಕೈಗೆ ಕವಿತೆಗಳನ್ನು ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು 1929ರ ತನ್ನ ಗ್ರಂಥದಲ್ಲಿ ವಿಮರ್ಶಿಸಿದಾಗ, ಓದಿಗೆ ಅಡ್ಡಬರುವ ವಿಘ್ನಗಳಲ್ಲಿ ಓದುಗನ ಅಪ್ರಸ್ತುತ ಸ್ಮರಣೆಗಳನ್ನೂ ಸಿದ್ಧವಾಗಿ ಕಾದಿರುವ ಪ್ರತಿಕ್ರಿಯೆಗಳನ್ನೂ ಎಣಿಸಿದನು. ಆ ವಿದ್ಯಾರ್ಥಿಗಳ ಮಾತೃಭಾಷೆಯೇ ಇಂಗ್ಲಿಷಾಗಿದ್ದಿತೆಂಬುದನ್ನು ಮರೆಯಲಾಗದು.

ನಮ್ಮ ಶಾಸ್ತ್ರಪರಂಪರೆಯಲ್ಲಿ ಈ ದೋಷಕ್ಕೆ ಹೆಸರೇ ಇದೆ. ವಾಕ್ಯಾರ್ಥನಿರ್ಣಯವನ್ನೇ ಕಸುಬಾಗಿಸಿಕೊಂಡ ಮೀಮಾಂಸಕರು ವ್ಯಾಖ್ಯಾನಕಾರನು ತಪ್ಪಿಸಿಕೊಳ್ಳಬೇಕಾದ ಎರಡು ದೋಷಗಳನ್ನು ಹೇಳುತ್ತಾರೆ: ಕೇಳಿದುದನ್ನು ಕೈಬಿಡುವುದು ಶ್ರುತಹಾನಿ, ಕೇಳದುದನ್ನು ಊಹಿಸಿಕೊಳ್ಳುವುದು ಅಶ್ರುತಕಲ್ಪನೆ. "ಸುಳ್ಳು" ಎಂದು ಬರೆಯಬೇಕಾದಲ್ಲಿ "ನಿಜ"ವೆಂದು ಬರೆದವನು "ಕೆಲವೇ ಕೆಲವು" ಎಂಬುದನ್ನು ಕೈಬಿಟ್ಟಿರುತ್ತಾನೆ. "ಹೇಳಿಲ್ಲ" ಎಂಬಲ್ಲಿ "ನಿಜ"ವೆಂದು ಬರೆದವನು ಕೇಳದುದನ್ನು ಕಲ್ಪಿಸಿಕೊಂಡಿರುತ್ತಾನೆ. ಆದರೆ ಈ ಹೋಲಿಕೆಯನ್ನು ಎಳೆದಷ್ಟೂ ಬರುವುದೆಂದು ಭಾವಿಸಬಾರದು. ಗದ್ಯವು ಬಾಯಿಬಿಟ್ಟು ಹೇಳದುದೆಲ್ಲ ಅಶ್ರುತವೂ ಅಲ್ಲ. ಹಗಲಲ್ಲಿ ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂಬುದು ಅರ್ಥಾಪತ್ತಿಯಿಂದ ಸಿದ್ಧಿಸುತ್ತದೆ; ಬೇರೆ ದಾರಿಯೇ ಇಲ್ಲ. ಅಂತಹ ಅನಿವಾರ್ಯವಾದ ಅನುಮಾನವನ್ನು ಪರೀಕ್ಷೆಯೂ "ನಿಜ"ವೆಂದೇ ಒಪ್ಪುತ್ತದೆ. ಒಪ್ಪದಿರುವುದು ಸಂಭಾವನೆಯನ್ನು, ಎಂದರೆ ಹಾಗಿರಬಹುದು, ಹಾಗಿರುವುದೇ ಹೆಚ್ಚು ಎಂಬ ಊಹೆಯನ್ನು.

ಆದಕಾರಣ ಪರೀಕ್ಷಾರ್ಥಿಗೆ ಬೋಧಿಸತಕ್ಕದ್ದು ಎರಡು ಪ್ರಶ್ನೆಗಳ ಸಣ್ಣ ಕ್ರಮ. ಗದ್ಯವೂ ಹೇಳಿಕೆಯೂ ಏಕಕಾಲದಲ್ಲಿ ನಿಜವಾಗಿರಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಹೇಳಿಕೆ ಸುಳ್ಳು. ಸಾಧ್ಯವಿದ್ದರೆ, ಗದ್ಯ ನಿಜವಾದ ಪಕ್ಷದಲ್ಲಿ ಹೇಳಿಕೆ ನಿಜವಾಗಲೇಬೇಕೇ? ಆಗಲೇಬೇಕಾದರೆ ನಿಜ, ಆಗದೆಯೂ ಇರಬಹುದಾದರೆ ಹೇಳಿಲ್ಲ. ವಾರ್ಡ್ ವೈದ್ಯನಾಗಿದ್ದರೂ ಮೇಲಿನ ಗದ್ಯಕ್ಕೆ ಬಾಧಕವಿಲ್ಲ, ವ್ಯಾಪಾರಿಯಾಗಿದ್ದರೂ ಬಾಧಕವಿಲ್ಲ. ಈ ಪ್ರಶ್ನೆಗಳು ಗದ್ಯದ ಅನುಕ್ರಮದಲ್ಲಿಯೇ ಬರುತ್ತವೆಯಾದ್ದರಿಂದ, ಎರಡನೆಯ ಮತ್ತು ನಾಲ್ಕನೆಯ ಹೇಳಿಕೆಗಳ ನೆಲೆ ಸಿಕ್ಕಿದರೆ ಮೂರನೆಯದು ಅವೆರಡರ ನಡುವೆಯೇ ಇರಬೇಕು. ಅಲ್ಲಿ ಇಲ್ಲವೆಂದರೆ ಎಲ್ಲಿಯೂ ಇಲ್ಲ. ಮುಂದೆ ಎಲ್ಲೋ ಇದ್ದೀತೆಂದು ಕಡೆಯ ಸಾಲಿನವರೆಗೆ ಓಡುವುದರಲ್ಲಿಯೇ ಹಲವರ ಕಾಲ ಕಳೆದುಹೋಗುತ್ತದೆ.

ಇದೇ ಪ್ರಶ್ನೆಗೆ ಇನ್ನೊಂದು ರೂಪವೂ ಉಂಟು. ಅಲ್ಲಿ ಸಂಗತಿಗಳ ಬದಲು ಲೇಖಕನ ಅಭಿಪ್ರಾಯಗಳನ್ನು ಕುರಿತು ಹೌದು, ಅಲ್ಲ, ಹೇಳಿಲ್ಲ ಎಂದು ಉತ್ತರಿಸಬೇಕು. ವಾದಪ್ರಧಾನವಾದ ಗದ್ಯದಲ್ಲಿ ಲೇಖಕನು ಎದುರುಪಕ್ಷದವರ ಮತವನ್ನು ಮೊದಲು ವಿಸ್ತಾರವಾಗಿ ಹೇಳಿ ಆಮೇಲೆ "ಹೌಎವರ್" ಎಂಬ ಒಂದು ಪದದಿಂದ ಅದನ್ನು ಪಕ್ಕಕ್ಕೆ ಸರಿಸುವುದುಂಟು. ಪೂರ್ವಪಕ್ಷವನ್ನು ಸಿದ್ಧಾಂತವೆಂದು ಓದಿದವನ ಗತಿ ಇಲ್ಲಿ ಏನಾಗುವುದೆಂಬುದನ್ನು ಭಾಷ್ಯಗಳನ್ನು ಪಾಠ ಹೇಳಿದವರಿಗೆ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಯಾವ ಭಾಷೆಯವನಿಗೂ ಅನ್ವಯಿಸತಕ್ಕ ಮಾತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷನ್ನು ಓದುವವನಿಗೆ ವಿಶೇಷವಾಗಿ ಒದಗುವ ತೊಡಕುಗಳು ಬೇರೆ ಇವೆ. ಕನ್ನಡದ ಉಪಾಧ್ಯಾಯನು ಹೆಚ್ಚು ಸಹಾಯ ಮಾಡಬಲ್ಲುದು ಇಲ್ಲಿಯೇ. ಮೊದಲನೆಯದು ನಿಷೇಧದ ವ್ಯಾಪ್ತಿ. "ಎಲ್ಲ ಗಿಡಗಳೂ ಬದುಕಲಿಲ್ಲ" ಎಂಬ ಕನ್ನಡ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯ: ಒಂದೂ ಬದುಕಲಿಲ್ಲ ಎಂಬುದೊಂದು, ಬದುಕಿದವು ಕೆಲವು ಮಾತ್ರ, ಎಲ್ಲವೂ ಅಲ್ಲ ಎಂಬುದಿನ್ನೊಂದು. ಮಾತಿನಲ್ಲಿ ಧ್ವನಿಯ ಏರಿಳಿತದಿಂದ ಅರ್ಥ ನಿರ್ಧಾರವಾಗುತ್ತದೆ. ಬರಹದಲ್ಲಿ ಸಂದರ್ಭವೇ ಗತಿ. ಇಂಗ್ಲಿಷಿನಲ್ಲಿ "ನಾಟ್ ಆಲ್" ಮತ್ತು "ನನ್" ಎಂಬ ಬೇರೆ ಬೇರೆ ರೂಪಗಳು ಈ ಎರಡರ್ಥಗಳನ್ನು ಬೇರ್ಪಡಿಸುತ್ತವೆ. ಗದ್ಯದಲ್ಲಿ ಮೊದಲನೆಯದೂ ಹೇಳಿಕೆಯಲ್ಲಿ ಎರಡನೆಯದೂ ಬಂದಾಗ, ಎರಡನ್ನೂ ಮನಸ್ಸಿನಲ್ಲಿ ಒಂದೇ ಕನ್ನಡ ವಾಕ್ಯವಾಗಿ ತಿರುಗಿಸಿಕೊಂಡ ವಿದ್ಯಾರ್ಥಿ ನಿಜವೆಂದು ಬರೆಯುತ್ತಾನೆ. ಅವನಿಗೆ ಇಂಗ್ಲಿಷ್ ಬಾರದೆಂದಲ್ಲ. ಕನ್ನಡದ ಸಂದಿಗ್ಧತೆ ಅವನ ಅರಿವಿಗೆ ಬಂದಿಲ್ಲ. "ಎ ಫ್ಯೂ" ಮತ್ತು "ಫ್ಯೂ" ಎಂಬಲ್ಲಿಯೂ ಹೀಗೆಯೇ: ಒಂದು "ಕೆಲವು", ಇನ್ನೊಂದು "ಕೆಲವೇ ಕೆಲವು", ಒಂದು ಇದೆಯೆನ್ನುವುದರ ಕಡೆಗೆ, ಇನ್ನೊಂದು ಇಲ್ಲವೆನ್ನುವುದರ ಕಡೆಗೆ ವಾಲುತ್ತದೆ. ಕನ್ನಡದಲ್ಲಿ ಒಂದು ಏಕಾರ ಮಾಡುವ ಕೆಲಸವನ್ನು ಅಲ್ಲಿ ಒಂದಕ್ಷರದ ಉಪಪದ ಮಾಡುತ್ತದೆ, ಅದೂ ವಿರುದ್ಧ ದಿಕ್ಕಿನಲ್ಲಿ.

ಎರಡನೆಯದು ಕೃದಂತ. "ಟೀಕಿಸಿದ ವಿದ್ವಾಂಸ" ಎಂದರೆ ಟೀಕೆ ಮಾಡಿದವನೂ ಆಗಬಹುದು, ಇತರರು ಟೀಕಿಸಿದವನೂ ಆಗಬಹುದು. "ಬರೆದ" ಎಂಬ ಒಂದೇ ರೂಪ ಲೇಖಕನಿಗೂ ಗ್ರಂಥಕ್ಕೂ ಲೇಖನಿಗೂ ವಿಶೇಷಣವಾಗಬಲ್ಲುದು. ಇಂಗ್ಲಿಷ್ ಇದನ್ನು ಸಹಿಸುವುದಿಲ್ಲ. ಕರ್ತರಿ ಕರ್ಮಣಿ ಭೇದವನ್ನು ಸಣ್ಣ ಪ್ರತ್ಯಯಗಳಿಂದಲೂ "ಬೈ" ಎಂಬ ಅವ್ಯಯದಿಂದಲೂ ಅದು ತೋರಿಸುತ್ತದೆ. ವೇಗವಾಗಿ ಓದುವ ಕನ್ನಡಿಗನ ಕಣ್ಣು ಮೊದಲು ಹಾರಿಸುವುದು ಈ ಸಣ್ಣ ಗುರುತುಗಳನ್ನೇ. ಹೀಗಾಗಿ ಯಾರು ಯಾರನ್ನು ಟೀಕಿಸಿದರೆಂಬುದು ತಿರುಗುಮುರುಗಾಗುತ್ತದೆ. ಇದರೊಡನೆ ಪದಕ್ರಮದ ಭೇದವೂ ಸೇರಿಕೊಳ್ಳುತ್ತದೆ: ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದಕ್ಕೆ ಮುಂಚೆ, ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ದೀರ್ಘವಾದ ವಿಶೇಷಣವಾಕ್ಯ ನಾಮಪದದ ಹಿಂದೆ ಜೋತುಬಿದ್ದು ಕರ್ತೃವನ್ನು ಕ್ರಿಯಾಪದದಿಂದ ಎರಡು ಸಾಲುಗಳಷ್ಟು ದೂರ ಮಾಡಬಲ್ಲುದು. ಅಂತಹ ವಾಕ್ಯದಲ್ಲಿ ಮುಖ್ಯಕ್ರಿಯೆಯನ್ನು ಮೊದಲು ಗುರುತಿಸಿ, ಯಾರು ಎಂಬ ಆಕಾಂಕ್ಷೆಯನ್ನು ಪೂರೈಸಿಕೊಂಡು, ಆಮೇಲೆ ನಡುವಿನದನ್ನು ಓದುವ ಅನ್ವಯಕ್ರಮ ಸಂಸ್ಕೃತ ಶ್ಲೋಕಗಳನ್ನು ಕಲಿತ ಹಿಂದಿನ ತಲೆಮಾರಿಗೆ ಸ್ವಭಾವವಾಗಿದ್ದಿತು. ಅದನ್ನು ಇಂಗ್ಲಿಷ್ ತರಗತಿಯಲ್ಲಿ ಮತ್ತೆ ಬಳಕೆಗೆ ತರಲು ಯಾವ ಅಡ್ಡಿಯೂ ಇಲ್ಲ.

ಮೂರನೆಯದು "ಬಹುದು" ಎಂಬ ರೂಪ. ಅನುಮತಿಗೂ ಸಂಭವಕ್ಕೂ ಶಕ್ಯತೆಗೂ ಕನ್ನಡದಲ್ಲಿ ಬಹುಮಟ್ಟಿಗೆ ಇದೊಂದೇ ಸಾಕಾಗುತ್ತದೆ. ಇಂಗ್ಲಿಷಿನ "ಮೇ", "ಮೈಟ್", "ಕ್ಯಾನ್", "ಕುಡ್" ಎಲ್ಲವೂ ಇದಕ್ಕೇ ಬಂದು ಬೀಳುತ್ತವೆ. ಸಂಭವವೆಂದು ಗದ್ಯ ಹೇಳಿದುದನ್ನು ಸಿದ್ಧವೆಂದು ಹೇಳಿಕೆ ಹೇಳಿದಾಗ ಭೇದವನ್ನು ಕಾಣಬೇಕಾದರೆ ಈ ಪದಗಳ ಕಡೆಗೆ ಕಣ್ಣು ಪಳಗಿರಬೇಕು.

ಪ್ರತಿಯೊಂದು ವಾಕ್ಯವೃಂದಕ್ಕೂ ತಕ್ಕ ಶೀರ್ಷಿಕೆಯನ್ನು ಆರಿಸುವ ಪ್ರಶ್ನೆ ಬೇರೊಂದು ಶಕ್ತಿಯನ್ನು ಅಪೇಕ್ಷಿಸುತ್ತದೆ. ಕೊಟ್ಟಿರುವ ಶೀರ್ಷಿಕೆಗಳು ವಾಕ್ಯವೃಂದಗಳಿಗಿಂತ ಹೆಚ್ಚಾಗಿರುತ್ತವೆ. ಮಿಕ್ಕವು ಆಕರ್ಷಿಸಿ ಮೋಸಗೊಳಿಸುವುದಕ್ಕಾಗಿಯೇ ಇರತಕ್ಕವು. ನಿದರ್ಶನವಾಗಿ ಬಂದ ಒಂದು ಸಂಗತಿಯನ್ನು ಹೆಸರಿಸುವ ಶೀರ್ಷಿಕೆ ಕಣ್ಣಿಗೆ ಬೇಗ ಬೀಳುತ್ತದೆ, ಆದರೆ ತಾತ್ಪರ್ಯ ಅದಲ್ಲ. ಪ್ರಕರಣದ ತಾತ್ಪರ್ಯವನ್ನು ಉಪಕ್ರಮ ಉಪಸಂಹಾರಗಳ ಐಕ್ಯದಿಂದಲೂ ಅಭ್ಯಾಸದಿಂದಲೂ, ಎಂದರೆ ಪುನಃಪುನಃ ಬರುವ ಮಾತಿನಿಂದಲೂ ನಿಶ್ಚಯಿಸಬೇಕೆಂಬ ಹಳೆಯ ನಿಯಮ ಇಲ್ಲಿ ಆಶ್ಚರ್ಯಕರವಾಗಿ ಒದಗಿಬರುತ್ತದೆ. ಮೊದಲ ವಾಕ್ಯವನ್ನು ಮಾತ್ರ ಓದಿ ಶೀರ್ಷಿಕೆ ಕೊಡಿರೆಂಬ ಪ್ರಚಲಿತ ಉಪದೇಶ ಅರ್ಧ ಸತ್ಯ. ಮೊದಲ ವಾಕ್ಯ ಒಮ್ಮೊಮ್ಮೆ ಹಿಂದಿನ ವಾಕ್ಯವೃಂದಕ್ಕೆ ಸೇತುವೆಯಾಗಿರುತ್ತದೆ, ಅಷ್ಟೆ.

ಖಾಲಿಸ್ಥಳ ತುಂಬುವ ಪ್ರಶ್ನೆಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಗದ್ಯದಿಂದ ಎರಡು ಪದಗಳಿಗೆ ಮೀರದಂತೆ ಎಂದಿದ್ದರೆ ಮೂರು ಪದಗಳ ಸರಿಯುತ್ತರವೂ ತಪ್ಪೇ. ಅಕ್ಷರದೋಷವಾದರೂ ಅಂಕ ಹೋಗುತ್ತದೆ. ಇವು ಓದಿನ ದೋಷಗಳಲ್ಲ, ಅವಧಾನದ ದೋಷಗಳು. ಎರಡು ವಾರಗಳ ಅಭ್ಯಾಸದಿಂದ ನಿವಾರಣೆಯಾಗತಕ್ಕವು.

ಯುಕ್ತಿಗೆ ಒಂದು ಮಿತಿಯುಂಟು. ಹೂ ಮತ್ತು ನೇಷನ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇತರರ ಸಹಾಯವಿಲ್ಲದೆ ಅರ್ಥವಾಗಬೇಕಾದರೆ ಗದ್ಯದ ನೂರು ಪದಗಳಲ್ಲಿ 98ರಷ್ಟು ಓದುಗನಿಗೆ ಪರಿಚಿತವಾಗಿರಬೇಕು. 900 ಪದಗಳ ಗದ್ಯಭಾಗದಲ್ಲಿ ಅಪರಿಚಿತ ಪದಗಳು 18ಕ್ಕೆ ಮೀರಕೂಡದೆಂದಾಯಿತು. ಆ ಪದಸಂಪತ್ತು ಮಾದರಿ ಪ್ರಶ್ನೆಪತ್ರಿಕೆಗಳಿಂದ ಬರತಕ್ಕದ್ದಲ್ಲ. ತಿಂಗಳುಗಳ ಕಾಲ ಬಿಡದೆ ಓದಿದ ಸಾಧಾರಣ ಗದ್ಯದಿಂದ ಬರತಕ್ಕದ್ದು. ಪರೀಕ್ಷೆಗೆ ಆರು ವಾರಗಳಿರುವಾಗ ಯುಕ್ತಿಗಳನ್ನು ಮಾತ್ರ ಕೊಂಡುಕೊಳ್ಳಲು ಹೋಗುವವರಿಗೆ ಇದನ್ನು ಹೇಳುವವರು ವಿರಳ.

ತರಗತಿಯಲ್ಲಿ ಮಾಡಿನೋಡಬಹುದಾದ ಒಂದು ಅಭ್ಯಾಸ ಇಷ್ಟು. ವಿದ್ಯಾರ್ಥಿ ನಿಜವೆಂದೋ ಸುಳ್ಳೆಂದೋ ಬರೆದ ಪ್ರತಿ ಉತ್ತರದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಗದ್ಯದ ಪದಗಳನ್ನು ಬರೆಯಬೇಕು. ಹೇಳಿಲ್ಲವೆಂದು ಬರೆದರೆ, ಯಾವ ಮಾತು ಗದ್ಯದಲ್ಲಿದ್ದಿದ್ದರೆ ಹೇಳಿಕೆ ನಿಜವಾಗುತ್ತಿದ್ದಿತೋ ಆ ಮಾತನ್ನು ಕನ್ನಡದಲ್ಲಿ ತಾನೇ ರಚಿಸಿ ಬರೆಯಬೇಕು. ಆ ವಾಕ್ಯವನ್ನು ರಚಿಸಲಾರದವನು ಇನ್ನೂ ಹೇಳಿಕೆಯನ್ನೇ ಓದಿಲ್ಲ. ಹಾಗೆ ರಚಿಸಿದ ವಾಕ್ಯಕ್ಕೆ ಸಮಾನವಾದುದು ಗದ್ಯದಲ್ಲಿ ಎಲ್ಲಾದರೂ ಇದೆಯೇ ಎಂದು ಪಕ್ಕದ ವಿದ್ಯಾರ್ಥಿಯಿಂದ ಹುಡುಕಿಸಬೇಕು; ಇದ್ದರೆ ಉತ್ತರ ಬದಲಾಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.